ಬ್ಯಾಂಕಿನ ಠೇವಣಿ, ಶಿರಸಿಯ ತೋಟ, ಯಾಕೋಬನ ನಾಲ್ಕನೆಯ ವಚನ: ಕಾರವಾರದ ಒಂದು ಕುಟುಂಬದ ಪ್ರಕರಣ

ಬ್ಯಾಂಕಿನಲ್ಲಿದ್ದ ಮೂವತ್ತು ಲಕ್ಷ ರೂಪಾಯಿಯ ಠೇವಣಿಯನ್ನು ಮುರಿಸಿ, ಆ ಹಣವನ್ನು ಚಿನ್ನಕ್ಕೆ, ತೋಟಕ್ಕೆ ಮತ್ತು ಒಬ್ಬ ಬೋಧಕರ ಕಾಣಿಕೆಗೆ ಹಾಕಿಬಿಡಬೇಕೆಂದು ಕಾರವಾರದ ಕೋಡಿಬಾಗದ ಒಬ್ಬ ಕ್ರೈಸ್ತ ಗೃಹಸ್ಥರು 2024ರ ಆಗಸ್ಟ್‌ನಲ್ಲಿ ತೀರ್ಮಾನಿಸಿದರು. ಸತ್ಯವೇದದ, ಅಂದರೆ ಬೈಬಲಿನ, ಪ್ರವಾದನೆಗಳು ನೆರವೇರುವ ಕಾಲ ಬಂದಿದೆ, ಹಣಕ್ಕೆ ಬೆಲೆಯೇ ಇಲ್ಲದ ದಿನ ಹತ್ತಿರವಾಗಿದೆ, ಆದ್ದರಿಂದ ಬ್ಯಾಂಕನ್ನು ಬಿಟ್ಟು ದೇವರನ್ನು ನಂಬಬೇಕು ಎಂಬುದು ಅವರ ವಾದ. ಹೆಂಡತಿ ಒಪ್ಪಲಿಲ್ಲ. ಮಗಳು ಜಗಳವಾಡಿದಳು. ಕೊನೆಗೆ ವಿಷಯ ನನ್ನ ಬಳಿಗೆ ಬಂದಿತು. ನಾನು ಅವರ ಚರ್ಚಿನ ಸಭೆಯ ಹಿರಿಯರಲ್ಲೊಬ್ಬ, ಅದಕ್ಕಿಂತ ಮೊದಲು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು.

ಕುಟುಂಬದ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಂತ್ಯಕಾಲದ ಪ್ರವಾದನೆಗಳನ್ನು ಕೇಳಿ ನಿದ್ದೆಗೆಟ್ಟವರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ. ಅವರ ಜೊತೆ ಕುಳಿತು ಮಾತನಾಡಬೇಕಾದ ಹಿರಿಯರಿಗೆ, ಬೋಧಕರಿಗೆ, ಮನೆಯವರಿಗೆ ಈ ವಿವರ ನೆರವಾಗಬೇಕು ಎಂಬುದು ನನ್ನ ಆಸೆ.

ಮನೆ, ಕೆಲಸ, ಹಣ

ಯಜಮಾನರಿಗೆ ಐವತ್ತೆಂಟು ವರ್ಷ. ಬೈತಖೋಲ್ ಬಂದರಿನ ಹತ್ತಿರ ದೋಣಿ ಎಂಜಿನ್ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಕನ್ನಡ, ಗ್ಯಾರೇಜಿನಲ್ಲಿ ಕೊಂಕಣಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಇವರಿಗೆ ಉಸಿರಾಡಲೂ ಬಿಡುವಿಲ್ಲದ ಕೆಲಸ ಆ ಎರಡು ತಿಂಗಳಲ್ಲೇ. ಆದರೆ ಕೂಲಿ ಕೈಗೆ ಬರುವುದು ಆಗಸ್ಟ್ ಕಳೆದು ಬಲೆಗೆ ಮೀನು ಬಿದ್ದ ಮೇಲೆ. ಅಲ್ಲಿಯ ತನಕ ಎಲ್ಲವೂ ಉದ್ರಿ. ಆ ಉದ್ರಿ ಪುಸ್ತಕವನ್ನು ಅವರು ಒಮ್ಮೆ ನನಗೆ ತೋರಿಸಿದರು: ಪುಟದ ಅಂಚಿಗೆಲ್ಲ ಕರಿ ಎಣ್ಣೆಯ ಬೆರಳಿನ ಗುರುತು; ದೋಣಿಯ ಹೆಸರು, ಹಾಕಿದ ಬಿಡಿಭಾಗ, ಮೊತ್ತ, ಅಷ್ಟೇ. ಸಾಲಗಾರರ ಸಹಿ ಎಲ್ಲಿಯೂ ಇಲ್ಲ. "ಯಾರಾದರೂ ಕೈ ಎತ್ತಿದ್ದಾರೆಯೇ?" ಎಂದು ಕೇಳಿದೆ. "ತಡ ಮಾಡಿದ್ದಾರೆ, ಕೈ ಎತ್ತಿದವರಿಲ್ಲ" ಎಂದರು. ಬದುಕಿನುದ್ದಕ್ಕೂ ಕಾಗದವಿಲ್ಲದೆ ನಂಬಿ ದುಡಿದ ಮನುಷ್ಯ ಇವರು. ಅಂಥವರು ದಿಢೀರನೆ ಯಾವುದನ್ನೂ ನಂಬದಂತಾದದ್ದು ಏಕೆ ಎಂಬುದೇ ನನ್ನನ್ನು ಮೊದಲು ಕಾಡಿದ ಪ್ರಶ್ನೆ.

ಮೂವತ್ತು ಲಕ್ಷ ಬಂದದ್ದು ದುಡಿಮೆಯಿಂದ ಅಲ್ಲ. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ಬದಿಯಲ್ಲಿ ಇವರ ತಂದೆಯ ಮನೆ, ಒಂದಿಷ್ಟು ತೆಂಗು, ಉಪ್ಪುನೀರು ಬರುವ ಸ್ವಲ್ಪ ಗಜನಿ ಗದ್ದೆ ಇತ್ತು. ಹೆದ್ದಾರಿ ಅಗಲ ಮಾಡುವಾಗ ತೆಂಗಿನ ಹಿತ್ತಲಿನ ಹೆಚ್ಚು ಭಾಗ ಹೋಯಿತು. ಅದರ ಪರಿಹಾರದ ಹಣ ಇದು. ತಂದೆ ಉಯಿಲು ಬರೆದಿರಲಿಲ್ಲ, ತಾಯಿ ಅದಕ್ಕೆ ಮೊದಲೇ ತೀರಿಹೋಗಿದ್ದರು. ಪಹಣಿಯಲ್ಲಿ ಹೆಸರು ಮಗನದ್ದು ಮಾತ್ರ ಇದ್ದುದರಿಂದ ಪರಿಹಾರವೂ ಮಗನ ಖಾತೆಗೇ ಜಮಾ ಆಯಿತು.

ಇವರಿಗೆ ಒಬ್ಬ ಅಕ್ಕ ಇದ್ದಾರೆ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಹಳೆಯ ಮನೆಯಲ್ಲೇ ಉಳಿದರು. ತಂದೆಯ ಕೊನೆಗಾಲದಲ್ಲಿ ನೋಡಿಕೊಂಡವರು ಅವರು. ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತವನ್ನು ಆ ಗಜನಿಯಲ್ಲಿ ಇಂದಿಗೂ ಬೆಳೆಯುತ್ತಿರುವವರೂ ಅವರೇ. ಪ್ರಕರಣ ನನ್ನ ಬಳಿಗೆ ಬಂದಾಗ ಈ ಅಕ್ಕನ ಹೆಸರನ್ನು ಯಾರೂ ಎತ್ತಲಿಲ್ಲ. ಅದು ಬಂದದ್ದು ಬಹಳ ತಡವಾಗಿ.

ಭಯ ಹೇಗೆ ಬೆಳೆಯಿತು

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ಇವರ ಕೈಯಲ್ಲಿ ಉದ್ರಿ ವಸೂಲಿಯ ನಗದು ಇತ್ತು. ಸಾಲಿನಲ್ಲಿ ನಿಂತು ಬದಲಿಸಿಕೊಂಡರು, ನಷ್ಟವೇನೂ ಆಗಲಿಲ್ಲ. ಆದರೆ ಕೈಯಲ್ಲಿರುವುದು ಒಂದೇ ರಾತ್ರಿಯಲ್ಲಿ ಬರೀ ಕಾಗದವಾಗಬಹುದು ಎಂಬ ಅಂಜಿಕೆ ಮನಸ್ಸಿಗೆ ಹೊಕ್ಕಿತು. 2022ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ರೂಪಾಯಿಯನ್ನು ಜನಸಾಮಾನ್ಯರ ಬಳಕೆಗೆ ಪ್ರಾಯೋಗಿಕವಾಗಿ ತಂದಿತು, 2023ರ ಮೇ ತಿಂಗಳಲ್ಲಿ 2000 ರೂಪಾಯಿಯ ನೋಟನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಇವೆಲ್ಲವನ್ನೂ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 13ನೆಯ ಅಧ್ಯಾಯದಲ್ಲಿ ಬರುವ, ಅದಿಲ್ಲದವರು ಕೊಳ್ಳಲೂ ಮಾರಲೂ ಆಗದ ಮೃಗದ ಗುರುತಿಗೆ ಜೋಡಿಸಿ ಹೇಳುವ ವಿಡಿಯೊಗಳು ಅವರ ಮೊಬೈಲಿಗೆ ಬರತೊಡಗಿದವು. ಅದೇ ಹೊತ್ತಿಗೆ ಪಕ್ಕದ ಓಣಿಯ ಒಬ್ಬರಿಗೆ ಒಂದು ಪತ್ತಿನ ಸಹಕಾರ ಸಂಘದಲ್ಲಿಟ್ಟ ಹಣ ವಾಪಸು ಸಿಗಲಿಲ್ಲ.

ಆಮೇಲೆ 2024ರ ಮಳೆಗಾಲ ಬಂದಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಯವರೆಗೂ ಜಾರಿತು. ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬವೂ ಅದರಡಿ ಸಿಕ್ಕಿತು. ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ನಡುರಾತ್ರಿಯ ನಂತರ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿದ್ದಿತು. ಲಾರಿಯೊಂದು ನದಿಗೆ ಬಿದ್ದು ಚಾಲಕನನ್ನು ಬದುಕಿಸಿ ತಂದರು. ಬೆಳಗಾಗುವಾಗ ಯಜಮಾನರು ನದಿಯ ದಡಕ್ಕೆ ಹೋಗಿ ನಿಂತು ಬಂದರು. ಪ್ರಾಯದ ಹುಡುಗನಾಗಿದ್ದಾಗಿನಿಂದ ನೋಡಿದ್ದ, ಅದೆಷ್ಟೋ ಸಲ ದಾಟಿದ್ದ ಸೇತುವೆ ಅದು. ಮನೆಗೆ ಬಂದವರೇ ಹೆಂಡತಿಗೆ ಹೇಳಿದ ಮಾತು: "ಇನ್ನು ಯಾವುದೂ ನಿಲ್ಲುವುದಿಲ್ಲ."

ಅವರ ಯೋಜನೆ ಹೀಗಿತ್ತು. ಹನ್ನೆರಡು ಲಕ್ಷಕ್ಕೆ ಚಿನ್ನ. ಹತ್ತು ಲಕ್ಷ ಶಿರಸಿ ಕಡೆಯ ಒಂದು ಸಣ್ಣ ಅಡಿಕೆ ತೋಟಕ್ಕೆ ಮುಂಗಡ, ಬಾಕಿ ಮೊತ್ತಕ್ಕೆ ಗ್ಯಾರೇಜಿನ ಮೇಲೆ ಸಾಲ. ಘಟ್ಟದ ಮೇಲೆ ನೆಲ ಇದ್ದರೆ ಊಟಕ್ಕೆ ತೊಂದರೆಯಿಲ್ಲ ಎಂಬ ಲೆಕ್ಕ. ಉಳಿದ ಎಂಟು ಲಕ್ಷ ಹೊರಗಿನಿಂದ ಬರುತ್ತಿದ್ದ ಒಬ್ಬ ಬೋಧಕರಿಗೆ ಬೀಜ ಕಾಣಿಕೆಯಾಗಿ. ಇಂತಿಷ್ಟರೊಳಗೆ ಬಿತ್ತಿದವರು ಕಷ್ಟಕಾಲದಲ್ಲಿ ಕೊಯ್ಯುವರು ಎಂದು ಆ ಬೋಧಕರು ಗಡುವು ಕೊಟ್ಟಿದ್ದರು.

ಹೆಂಡತಿ ನಮ್ಮ ಮನೆಗೆ ಬಂದು ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ. "ಅಣ್ಣಾ, ದೇವರನ್ನು ನಂಬಬೇಡಿ ಎಂದು ಗಂಡನಿಗೆ ನಾನು ಹೇಗೆ ಹೇಳಲಿ? ಆದರೆ ನಂಬಿದವರ ಮುಖ ಹೀಗಿರುತ್ತದೆಯೇ? ರಾತ್ರಿ ಎರಡು ಗಂಟೆಗೆ ಎದ್ದು ಕುಳಿತಿರುತ್ತಾರೆ. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡರೆ ಮೊಬೈಲಿನಲ್ಲಿ ಚಿನ್ನದ ದರ ನೋಡುತ್ತಿರುತ್ತಾರೆ." ಈ ಪ್ರಕರಣದ ಗಂಟು ಇಲ್ಲಿಯೇ ಇತ್ತು. ಅದನ್ನು ಮೊದಲು ಕಂಡವರು ಈ ತಾಯಿ.

ಗೀಟು ಹಾಕಿದ ವಚನಗಳು

ಅವರ ಮನೆಯಲ್ಲೇ, ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ಕೆಲವು ಸಂಜೆ ಕುಳಿತು ಓದಿದೆವು. ಅವರು ನಂಬಿದ್ದ ವಚನಗಳಿಂದಲೇ ಶುರು ಮಾಡೋಣ ಎಂದು ನಾನು ಹೇಳಿದೆ. ಪ್ರವಾದನೆಯನ್ನು ಬದಿಗಿಟ್ಟು ಬುದ್ಧಿಮಾತು ಹೇಳಲು ಹೋದರೆ ಇಂಥವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಾಗೆ ಮುಚ್ಚಿಕೊಳ್ಳುವುದೂ ಸರಿಯೇ. ಆ ವಚನಗಳು ದೇವರ ಮಾತು ಎಂದು ನಾನೂ ನಂಬುತ್ತೇನೆ.

ಅವರ ಸತ್ಯವೇದದಲ್ಲಿ ಕೆಂಪು ಬಾಲ್‌ಪೆನ್ನಿನ ಗೀಟುಗಳಿದ್ದವು. ಯೆಹೆಜ್ಕೇಲ 7ನೆಯ ಅಧ್ಯಾಯದ 19ನೆಯ ವಚನಕ್ಕೆ ಎರಡು ಸಲ ಗೀಟು: ಜನರು ತಮ್ಮ ಬೆಳ್ಳಿಯನ್ನು ಬೀದಿಗೆ ಎಸೆಯುವರು, ಬಂಗಾರ ಅವರಿಗೆ ಅಶುದ್ಧವಾಗಿ ಕಾಣುವುದು, ಕರ್ತನ ರೋಷದ ದಿನದಲ್ಲಿ ಬೆಳ್ಳಿಬಂಗಾರಗಳು ಅವರನ್ನು ರಕ್ಷಿಸಲಾರವು. ಬ್ಯಾಂಕು ಮುಳುಗುತ್ತದೆ ಎನ್ನುವುದಕ್ಕೆ ಅವರು ಇಟ್ಟುಕೊಂಡ ಸಾಕ್ಷಿ ಇದು. ವಚನವನ್ನು ಅವರೇ ಗಟ್ಟಿಯಾಗಿ ಓದಲಿ ಎಂದೆ. ಓದಿದರು. "ಇದರಲ್ಲಿ ಬೀದಿಗೆ ಬೀಳುವುದು ಯಾವುದು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಪುಟವನ್ನೇ ನೋಡುತ್ತಿದ್ದು "ಚಿನ್ನ" ಎಂದರು. ಹನ್ನೆರಡು ಲಕ್ಷಕ್ಕೆ ಕೊಳ್ಳಲು ಹೊರಟಿದ್ದು ಅದನ್ನೇ. ಬ್ಯಾಂಕಿನ ಮೇಲಿದ್ದ ಭರವಸೆಯನ್ನು ಅವರು ದೇವರಿಗೆ ವರ್ಗಾಯಿಸುತ್ತಿರಲಿಲ್ಲ. ಅದು ಅಕ್ಕಸಾಲಿಗನ ಅಂಗಡಿಗೆ ಹೋಗುತ್ತಿತ್ತು. ಇದನ್ನು ನಾನು ಹೇಳುವ ಮೊದಲೇ ಅವರ ಮಗಳು ಹೇಳಿಬಿಟ್ಟಳು. ಮಗಳ ಮಾತು ತಂದೆಗೆ ನೋವಾಯಿತು, ಆ ಸಂಜೆ ಅಲ್ಲಿಗೇ ಮುಗಿಯಿತು.

ತೋಟದ ವಿಚಾರ ಬಂದಾಗ ಆಮೋಸ 5ನೆಯ ಅಧ್ಯಾಯ ತೆಗೆದೆವು. ಕರ್ತನ ದಿನ ಬರಲಿ ಎಂದು ಹಾರೈಸುವವರಿಗೆ ಆ ಪ್ರವಾದಿ ಹೇಳುವ ಮಾತು ಕಠಿಣವಾದದ್ದು: ಸಿಂಹದಿಂದ ಓಡಿದವನಿಗೆ ಕರಡಿ ಎದುರಾಗುತ್ತದೆ, ಮನೆಯೊಳಗೆ ನುಗ್ಗಿ ಗೋಡೆಗೆ ಕೈಯಿಟ್ಟರೆ ಹಾವು ಕಚ್ಚುತ್ತದೆ. ಕಡಲ ತಡಿಯಲ್ಲಿ ಸೇತುವೆ ಬಿದ್ದಿತೆಂದು ಘಟ್ಟ ಹತ್ತುವವರಿಗೆ ನಮ್ಮ ಜಿಲ್ಲೆಯಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳೇ ಮಣ್ಣುಪಾಲಾದವು. ಅಲ್ಲಿಯವರೂ ನೆಲವನ್ನು ನಂಬಿದ್ದವರು.

ಶಿರೂರು ಮತ್ತು ಕಾಳಿ ಸೇತುವೆಯನ್ನು ಅವರು ದೇವರ ಶಿಕ್ಷೆಯ ಗುರುತೆಂದು ಹಿಡಿದಿದ್ದರು. ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತನಾಡಿದೆ, ಏಕೆಂದರೆ ಸತ್ತವರ ಮನೆಯವರು ನಮ್ಮ ನಡುವೆಯೇ ಇದ್ದಾರೆ. ಲೂಕ 13ರಲ್ಲಿ ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತ ಸುದ್ದಿ ಇದೆ. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರೋ ಎಂದು ಯೇಸು ಕೇಳಿ, ಇಲ್ಲ ಎಂದು ತಾನೇ ಉತ್ತರಿಸುತ್ತಾನೆ. ನೀವು ಮನಸ್ಸು ತಿರುಗಿಸಿಕೊಳ್ಳಿರಿ ಎಂದು ಕೇಳುಗರ ಕಡೆಗೆ ಬೆರಳು ತಿರುಗಿಸುತ್ತಾನೆ. ಯುದ್ಧ, ಕ್ಷಾಮ, ಭೂಕಂಪಗಳ ಪಟ್ಟಿ ಕೊಡುವ ಮತ್ತಾಯ 24ರಲ್ಲಿಯೂ ಕಳವಳಪಡಬೇಡಿರಿ ಎಂಬ ಮಾತು ಆ ಪಟ್ಟಿಯ ಜೊತೆಗೇ ಇದೆ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಎಂಬುದೂ ಅದೇ ಅಧ್ಯಾಯದಲ್ಲಿದೆ. ಹಾಗಿದ್ದೂ ದಿನ ಗೊತ್ತುಮಾಡಿದವರು ಇದ್ದಾರೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಬೋಧನೆ ಕೇಳಿದವರು 1844ರ ಅಕ್ಟೋಬರ್ 22ಕ್ಕೆ ಕಾದು ಕುಳಿತರು, ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟರು. 2011ರ ಮೇ 21ಕ್ಕೆ ಅಲ್ಲಿಯ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಹೇಳಿದ ಮಾತನ್ನು ನಂಬಿ ಉಳಿತಾಯವನ್ನೆಲ್ಲ ಜಾಹೀರಾತಿಗೆ ಸುರಿದವರಿದ್ದರು. ಮರುದಿನ ಬೆಳಗಾದಾಗ ಅವರ ಮನೆಯ ಹೆಂಡತಿ ಮಕ್ಕಳಿಗೆ ಹಸಿವು ಇದ್ದೇ ಇತ್ತು.

ಯೆರೆಮೀಯನ ಹೊಲ

ನನ್ನ ಮಟ್ಟಿಗೆ ಈ ವಿಷಯದಲ್ಲಿ ಯೆರೆಮೀಯ 32ನೆಯ ಅಧ್ಯಾಯಕ್ಕೆ ಸಮನಾದದ್ದು ಇನ್ನೊಂದಿಲ್ಲ. ಬಿಡುವು ಮಾಡಿಕೊಂಡು ಅದನ್ನು ಪೂರ್ತಿ ಓದಿಸಿದೆ.

ಕ್ರಿ.ಪೂ. 587ರ ಸುಮಾರು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುಗಟ್ಟಿದೆ. ಊರು ಬೀಳುತ್ತದೆ ಎಂದು ಸಾರಿದ ತಪ್ಪಿಗೆ ಪ್ರವಾದಿಯನ್ನು ಅರಸನಾದ ಚಿದ್ಕೀಯನು ಕಾವಲಿನ ಅಂಗಳದಲ್ಲಿ ಇಟ್ಟಿದ್ದಾನೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ, ಬಂಧುವಾಗಿ ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಅನಾತೋತ್ ಯೆರೂಸಲೇಮಿನಿಂದ ಕೆಲವೇ ಕಿಲೋಮೀಟರ್ ದೂರದ ಊರು. ಶತ್ರುವಿನ ಸೈನ್ಯ ಬೀಡುಬಿಟ್ಟಿರುವ ಸೀಮೆ. ಅಲ್ಲಿಯ ಹೊಲಕ್ಕೆ ಯಾವ ಬೆಲೆ ಇದ್ದೀತು? ಯೆರೆಮೀಯನು ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಪತ್ರಕ್ಕೆ ಸಹಿ ಹಾಕುತ್ತಾನೆ, ಮುದ್ರೆ ಒತ್ತುತ್ತಾನೆ, ಸಾಕ್ಷಿಗಳನ್ನು ಕರೆಯುತ್ತಾನೆ. ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಬಹುದಿನ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡು ಎಂದು ತನ್ನ ಲೇಖಕನಾದ ಬಾರೂಕನಿಗೆ ಹೇಳುತ್ತಾನೆ.

ಇಡೀ ಯೂದದಲ್ಲಿ ಆ ಬೆಳ್ಳಿ ಇನ್ನು ಕೆಲವೇ ತಿಂಗಳಲ್ಲಿ ಕೆಲಸಕ್ಕೆ ಬಾರದ್ದು ಎಂದು ಖಚಿತವಾಗಿ ಗೊತ್ತಿದ್ದ ಒಬ್ಬನೇ ಮನುಷ್ಯ ಅವನು. ಆದರೂ ಒಂದು ಶೆಕೆಲ್ ಕಡಿಮೆ ತೂಗಲಿಲ್ಲ. ಊರು ಬೀಳುವುದು ದೇವರ ಲೆಕ್ಕ, ಹನಮೇಲನ ಹಣ ತನ್ನ ಲೆಕ್ಕ. ಬರೆದುಕೊಟ್ಟ ಮೇಲೆ ಅವನ ಪ್ರಾರ್ಥನೆಯನ್ನು ಓದಿದರೆ ಅವನಿಗೂ ಇದು ಪೂರ್ತಿ ಅರ್ಥವಾಗಿರಲಿಲ್ಲ ಎಂದು ತಿಳಿಯುತ್ತದೆ. ಪಟ್ಟಣ ಶತ್ರುವಿನ ಕೈಸೇರುತ್ತಿರುವಾಗ ಹೊಲ ಕೊಳ್ಳೆಂದು ಹೇಳಿದೆಯಲ್ಲಾ ಎಂದು ಕೇಳುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಜನ ಮತ್ತೆ ಕೊಂಡುಕೊಳ್ಳುವರು ಎಂಬುದು ಅವನಿಗೆ ಸಿಕ್ಕ ಉತ್ತರ. ಆ ಹೊಲದಲ್ಲಿ ಅವನು ಒಂದು ಕಾಳನ್ನೂ ಬೆಳೆಯಲಿಲ್ಲ. ಸತ್ಯವೇದದಲ್ಲಿ ಅವನನ್ನು ನಾವು ಕೊನೆಯದಾಗಿ ಕಾಣುವುದು ಐಗುಪ್ತದಲ್ಲಿ, ಅದೂ ಅವನ ಇಷ್ಟದಿಂದ ಹೋದದ್ದಲ್ಲ.

ಯಜಮಾನರು ಕೇಳಿದ ಪ್ರಶ್ನೆ ಚೆನ್ನಾಗಿತ್ತು: "ಹಾಗಾದರೆ ನಾನು ತೋಟ ಕೊಳ್ಳುವುದು ತಪ್ಪು ಹೇಗೆ? ಅವನೂ ನೆಲ ಕೊಂಡನಲ್ಲ?" ಅವನು ಕೊಂಡದ್ದು ಯಾರಿಂದ, ಯಾರಿಗಾಗಿ ಎಂದು ನೋಡಿ ಎಂದೆ. ಅಡಗಿಕೊಳ್ಳಲು ಅವನು ಆ ಹೊಲ ಕೊಳ್ಳಲಿಲ್ಲ. ಕುಲದ ಭೂಮಿ ಕುಲಕ್ಕೆ ಉಳಿಯಲಿ ಎಂದು, ತನ್ನ ಆಯುಸ್ಸಿನಾಚೆಯ ಜನರಿಗಾಗಿ ಬಂಧುವಿನ ಕೈಗೆ ಬೆಳ್ಳಿ ಕೊಟ್ಟನು. ಬಂಧು ಎಂಬ ಮಾತು ಬಂದಾಗ ಮನೆಯಾಕೆ ಒಮ್ಮೆ ಗಂಡನ ಮುಖ ನೋಡಿದ್ದು ನನ್ನ ಕಣ್ಣಿಗೆ ಬಿದ್ದಿತು. ಅದರ ಅರ್ಥ ಆಗ ನನಗೆ ತಿಳಿಯಲಿಲ್ಲ.

ಮೂರನೆಯ ವಚನಕ್ಕೆ ನಿಂತ ಗೀಟು

ಮುಂದಿನ ಸಂಜೆ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ. ಐಶ್ವರ್ಯವಂತರೇ, ಗೋಳಾಡಿರಿ, ನಿಮ್ಮ ಚಿನ್ನಬೆಳ್ಳಿಗಳಿಗೆ ತುಕ್ಕು ಹಿಡಿದಿದೆ, ಕಡೇ ದಿನಗಳಲ್ಲಿ ಸಂಪತ್ತನ್ನು ಕೂಡಿಸಿಟ್ಟುಕೊಂಡಿದ್ದೀರಿ. ಆ ವಿಡಿಯೊಗಳಲ್ಲಿ ಮತ್ತೆ ಮತ್ತೆ ಬರುವ ವಚನಗಳಿವು. ಅವರ ಪುಸ್ತಕದಲ್ಲಿ ಒಂದರಿಂದ ಮೂರನೆಯ ವಚನದವರೆಗೆ ಕೆಂಪು ಗೀಟು ಎಳೆಯಲಾಗಿತ್ತು, ಮೂರನೆಯದರ ಕೊನೆಯ ಪದದ ಕೆಳಗೆ ಪೆನ್ನು ಒತ್ತಿ ನಿಲ್ಲಿಸಿದ ಚುಕ್ಕೆ ಇತ್ತು. ನಾಲ್ಕನೆಯ ವಚನ ಬಿಳಿಯಾಗಿಯೇ ಉಳಿದಿತ್ತು. ಮುಂದಕ್ಕೆ ಓದಿ ಎಂದೆ.

ನಾಲ್ಕನೆಯದು ಹೇಳುವುದು ಇಷ್ಟು: ನಿಮ್ಮ ಹೊಲ ಕೊಯ್ದ ಕೆಲಸದವರ ಕೂಲಿಯನ್ನು ನೀವು ತಡೆದಿಟ್ಟಿದ್ದೀರಿ, ಆ ಕೂಲಿ ಕೂಗುತ್ತಿದೆ, ಕೊಯ್ದವರ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ.

ಅರ್ಧಕ್ಕೆ ಅವರ ಧ್ವನಿ ನಿಂತಿತು. ಹೆಂಡತಿಯ ಕಡೆಗೆ ತಿರುಗಿ, "ಅಕ್ಕನಿಗೆ ನಾವು ಎಷ್ಟು ಕೊಟ್ಟೆವು?" ಎಂದು ಕೇಳಿದರು. "ಕ್ರಿಸ್ಮಸ್ಸಿಗೆ ಸೀರೆ ಕೊಡುತ್ತೇವೆ. ಮಳೆಗಾಲದಲ್ಲಿ ಮಾಡು ಸೋರಿದಾಗ ಹಂಚು ಹಾಕಿಸಿದ್ದೀರಿ" ಎಂದರು ಅವರು. ಅಕ್ಕ ಎಂಬವರು ಇದ್ದಾರೆ, ಪರಿಹಾರ ಬಂದ ಆಸ್ತಿಯಲ್ಲಿ ಅವರದ್ದೂ ಪಾಲಿದೆ ಎಂಬುದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ.

ನಾನು ಹೇಳಬೇಕೆಂದಿರುವುದು ಇದನ್ನೇ. ಸಂಪತ್ತು ಬಿದ್ದುಹೋಗುತ್ತದೆ ಎಂದು ಪ್ರವಾದಿಗಳು ಹೇಳುವಾಗಲೆಲ್ಲ ಅದು ಯಾರಿಂದ ಕಸಿದದ್ದು, ಯಾರಿಗೆ ಸಲ್ಲಬೇಕಾದದ್ದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ. ಮನೆಗೆ ಮನೆ, ಹೊಲಕ್ಕೆ ಹೊಲ ಕೂಡಿಸುವವರ ಗತಿಯನ್ನು ಯೆಶಾಯ 5ನೆಯ ಅಧ್ಯಾಯ ಸಾರುತ್ತದೆ. ಹೊಲಗಳನ್ನು ಆಶಿಸಿ ಕಿತ್ತುಕೊಳ್ಳುವವರನ್ನು ಮೀಕ 2ನೆಯ ಅಧ್ಯಾಯ ಹಿಡಿದು ನಿಲ್ಲಿಸುತ್ತದೆ. ಬಾಬೆಲ್ ಬಿದ್ದಾಗ ವರ್ತಕರೂ ಹಡಗಿನವರೂ ದೂರದಲ್ಲಿ ನಿಂತು ಅಳುವ ಪ್ರಕಟನೆ 18ರಲ್ಲಿ ಸರಕಿನ ಪಟ್ಟಿ ಬಂಗಾರದಿಂದ ಶುರುವಾಗಿ ಮನುಷ್ಯರ ಪ್ರಾಣಗಳಲ್ಲಿ ಮುಗಿಯುತ್ತದೆ. ಬೀಳುವ ಸುದ್ದಿಯನ್ನು ಮಾತ್ರ ತೆಗೆದುಕೊಂಡು ಬಾಕಿಯ ಸುದ್ದಿಯನ್ನು ಬಿಟ್ಟರೆ ಪ್ರವಾದನೆ ಷೇರುಪೇಟೆಯ ಮುನ್ಸೂಚನೆಯಾಗುತ್ತದೆ. ಕೇಳಿದವನು ತನ್ನ ಹಣವನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ಸಾಗಿಸುತ್ತಾನೆ. ದೇವರನ್ನು ನಂಬುವವನ ಮೊದಲ ಗುರುತು, ಕೊಡಬೇಕಾದದ್ದನ್ನು ಕೊಡಲು ಅವನಿಗೆ ಹೆದರಿಕೆಯಾಗದಿರುವುದು.

ಬೋಧಕರ ಎಂಟು ಲಕ್ಷದ ಮಾತು ಇದಾದ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಕೊರ್ಬಾನ್, ಅಂದರೆ ಕಾಣಿಕೆ, ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕ 7ರಲ್ಲಿ ಗದರುತ್ತಾನೆ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ಪೌಲನ ಮೊದಲನೆಯ ತಿಮೊಥೆಯ ಪತ್ರಿಕೆಯಲ್ಲಿದೆ. ಅಕ್ಕನ ಪಾಲಿನಿಂದ ಕಾಣಿಕೆ ಕೊಡುವಂತಿಲ್ಲ ಎಂದು ಯಜಮಾನರೇ ಬೋಧಕರಿಗೆ ಫೋನಿನಲ್ಲಿ ತಿಳಿಸಿದರು. ಆಶೀರ್ವಾದ ತಪ್ಪಿಹೋಗುತ್ತದೆ ಎಂಬ ಉತ್ತರ ಬಂದಿತು. ಗಡುವು ಕೊಟ್ಟು ಹಣ ಕೇಳುವ ಯಾವ ಬೋಧಕರಿಗೂ ನಮ್ಮ ಸಭೆಯ ಮನೆಗಳಲ್ಲಿ ಕೂಟ ನಡೆಸಲು ಅವಕಾಶ ಕೊಡಬಾರದು ಎಂದು ನಾನು ಹಿರಿಯರ ಮುಂದೆ ಇಟ್ಟಿದ್ದೇನೆ, ಅದರಲ್ಲಿ ಹಿಂಜರಿಯುವುದಿಲ್ಲ.

ಲೆಕ್ಕ ತೀರಿಸಿದ್ದು

ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಮೂವತ್ತರಲ್ಲಿ ಹದಿನೈದು ಅಕ್ಕನದ್ದು. ಮಗಳು ಇದಕ್ಕೆ ತಕರಾರು ಎತ್ತಿದಳು. ಅವಳು ನರ್ಸಿಂಗ್ ಮೂರನೆಯ ವರ್ಷದಲ್ಲಿದ್ದಾಳೆ, ಚಿನ್ನ ಬೇಡವೆಂದು ತಂದೆಗೆ ಹೇಳಿದವಳು. ಆದರೆ ಅರ್ಧ ಹಣ ಹೋಗುತ್ತದೆ ಎಂದಾಗ ಅವಳಿಗೆ ತನ್ನ ಶುಲ್ಕದ ಚಿಂತೆ ಹತ್ತಿತು. ಅದು ಸಹಜ. ಅವಳನ್ನು ನಾನು ತಿದ್ದಲು ಹೋಗಲಿಲ್ಲ. ಅತ್ತೆಯನ್ನು ನೋಡಿಕೊಂಡು ಬಾ ಎಂದು ತಾಯಿ ಅವಳನ್ನು ಊರಿಗೆ ಕರೆದುಕೊಂಡು ಹೋದರು.

ಅಲ್ಲಿಗೆ ನಾನೂ ಹೋಗಿದ್ದೆ. ಕಗ್ಗದ ಕೊಯ್ಲು ಮುಗಿಯುತ್ತ ಬಂದಿತ್ತು. ಇನ್ನು ನೀರು ಬಿಟ್ಟು ಶೆಟ್ಲಿ (ಸೀಗಡಿ) ಹಿಡಿಯುವ ಕಾಲ. ಅಕ್ಕ ಮೊಣಕಾಲುದ್ದ ಕೆಸರಿನಿಂದ ಎದ್ದು ಬಂದು ಕಾಲು ತೊಳೆದುಕೊಂಡು ಜಗುಲಿಯಲ್ಲಿ ಕುಳಿತರು. ಯಜಮಾನರು ವಿಷಯ ಹೇಳಿದರು. ಅಕ್ಕ ಅಳಲೂ ಇಲ್ಲ, ಹರಸಲೂ ಇಲ್ಲ. "ತಮ್ಮಾ, ಹಣ ಬ್ಯಾಂಕಿಗೆ ಹಾಕು, ಬೇಡ ಎನ್ನುವುದಿಲ್ಲ. ಆದರೆ ಮೊದಲು ಈ ಗದ್ದೆಯ ಪಹಣಿಯಲ್ಲಿ ನನ್ನ ಹೆಸರು ಬರಲಿ. ನಾಳೆ ಯಾರಾದರೂ ಬಂದು ನೀನು ಯಾರು ಎಂದು ಕೇಳಿದರೆ ತೋರಿಸಲು ನನ್ನ ಹತ್ತಿರ ಏನಿದೆ?" ಎಂದರು.

ಲೌಕಿಕ ಭದ್ರತೆಯನ್ನು ನಂಬಬೇಡಿ ಎಂದು ಬೋಧಿಸುವವರೆಲ್ಲ ಈ ಪ್ರಶ್ನೆಯ ಮುಂದೆ ಒಮ್ಮೆ ನಿಲ್ಲಬೇಕು. ಇದ್ದವನಿಗೆ ಕಾಗದ ವಿಗ್ರಹವಾಗಬಹುದು. ಇಲ್ಲದವಳಿಗೆ ಅದೇ ಕಾಗದ ನ್ಯಾಯ. ಸಾಕ್ಷಿಗಳನ್ನು ಕರೆದು ಎರಡು ಪ್ರತಿ ಬರೆಸಿದ ಯೆರೆಮೀಯನು ಇದನ್ನು ಬಲ್ಲವನಾಗಿದ್ದನು.

ಹೊರಡುವ ಮುನ್ನ ಪ್ರಾರ್ಥನೆಗೆ ಯಾವ ಭಾಗ ಓದೋಣ ಎಂದಾಗ ಯಜಮಾನರು ಯಾಕೋಬ 5ನ್ನೇ ತೆಗೆದರು. ಏಳನೆಯ ವಚನದಲ್ಲಿ ಕರ್ತನ ಬರೋಣದ ತನಕ ತಾಳ್ಮೆಯಿಂದಿರಿ, ವ್ಯವಸಾಯಗಾರನು ಮುಂಗಾರು ಹಿಂಗಾರು ಮಳೆಗಳಿಗಾಗಿ ಕಾದಿರುತ್ತಾನಲ್ಲಾ ಎಂದಿದೆ. "ಕಾಯುವುದು ಎಂದರೆ ಸುಮ್ಮನೆ ಕುಳಿತಿರುವುದಲ್ಲ. ಗಜನಿಯ ಕಟ್ಟೆ ಒಡೆದರೆ ಮಳೆ ಬಂದೂ ಏನು ಪ್ರಯೋಜನ?" ಎಂದು ಅಕ್ಕ ಹೇಳಿದರು. ಅಂತ್ಯ ಹತ್ತಿರವೆಂದು ಕೆಲಸ ಬಿಟ್ಟವರಿಗೆ ಪೌಲನು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಎನ್ನುವುದೂ ಇದೇ ಅರ್ಥದಲ್ಲಿ.

ಅಕ್ಕನ ಹದಿನೈದು ಲಕ್ಷ ಅವರ ಖಾತೆಗೆ ಹೋಯಿತು. ಉಳಿದದ್ದರ ಬಗ್ಗೆ ಬ್ಯಾಂಕಿನವನಾಗಿ ನಾನು ಹೇಳಿದ್ದು ಇಷ್ಟೇ: ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ ಇದೆ, 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷವಾಗಿತ್ತು, ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಹಣವನ್ನು ಬೇರೆ ಬೇರೆ ಬ್ಯಾಂಕುಗಳಲ್ಲಿ ಇಡುವುದು, ನಾಮಿನಿ ಬರೆಸುವುದು ಅಪನಂಬಿಕೆಯಲ್ಲ. ಫರೋಹನ ಕನಸಿನ ಅರ್ಥ ಹೇಳಿದ ಯೋಸೇಫನು ಏಳು ವರ್ಷ ಬೆಳೆಯ ಐದರಲ್ಲಿ ಒಂದು ಪಾಲನ್ನು ಕಣಜಕ್ಕೆ ತುಂಬಿಸಿದನು. ಲೂಕ 12ರ ಐಶ್ವರ್ಯವಂತನೂ ದೊಡ್ಡ ಕಣಜ ಕಟ್ಟಬೇಕೆಂದುಕೊಂಡನು. ಮೊದಲನೆಯ ಕಣಜದ ಬಾಗಿಲು ಹಸಿದವರಿಗೆ ತೆರೆಯಿತು. ಎರಡನೆಯವನು ತನ್ನ ಪ್ರಾಣಕ್ಕೆ ಮಾತ್ರ ಊಟ ಬಡಿಸಲು ಹೊರಟಿದ್ದನು, ಆ ಪ್ರಾಣವನ್ನೇ ಆ ರಾತ್ರಿ ಕೇಳಲಾಯಿತು.

ನಮ್ಮ ಹಿರಿಯರಲ್ಲಿ ಒಬ್ಬರು ನನ್ನ ಮೇಲೆ ಬೇಸರಪಟ್ಟರು. ಪ್ರವಾದನೆಯ ಕಾವನ್ನು ತಣಿಸಿಬಿಟ್ಟಿರಿ, ಕೊನೆಗೆ ಹಣ ಬ್ಯಾಂಕಿನಲ್ಲೇ ಉಳಿಯಿತಲ್ಲ ಎಂದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆ ದಿನ ಬರುತ್ತದೆ ಎಂಬುದರಲ್ಲಿ ನನಗೂ ಸಂದೇಹವಿಲ್ಲ. ಅವರಿಗೆ ನಾನು ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯವನ್ನು ತೋರಿಸಿದೆ. ಲೋಕಕ್ಕೆಲ್ಲ ದೊಡ್ಡ ಕ್ಷಾಮ ಬರುತ್ತದೆ ಎಂದು ಅಗಬನು ಅಂತಿಯೋಕ್ಯದಲ್ಲಿ ಪ್ರವಾದಿಸುತ್ತಾನೆ. ರೋಮಿನ ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಅದು ಬಂದೇ ಬರುತ್ತದೆ. ಮಾತು ಕೇಳಿದ ಶಿಷ್ಯರು ಧಾನ್ಯ ಬಚ್ಚಿಡಲಿಲ್ಲ, ಬೆಟ್ಟಕ್ಕೂ ಓಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಕೂಡಿಸಿ ಯೂದಾಯದ ಸಹೋದರರಿಗೆ ಬಾರ್ನಬ ಮತ್ತು ಸೌಲರ ಕೈಯಲ್ಲಿ ಕಳುಹಿಸಿದರು. ಪ್ರವಾದನೆ ನಿಜವೆಂದು ನಂಬಿದವರ ನಡತೆ ಅದು.

ಯಜಮಾನರು ತಮ್ಮ ಪಾಲಿನಿಂದ ಒಂದು ಮೊತ್ತವನ್ನು ಸಭೆಯ ಕೈಗೆ ಕೊಟ್ಟಿದ್ದಾರೆ. ಜೂನ್, ಜುಲೈಯಲ್ಲಿ ದೋಣಿ ಕಟ್ಟಿಹಾಕಿದಾಗ ಒಲೆ ಉರಿಯದ ಮನೆಗಳಿಗೆ, ಯಾವ ಮತದವರೆಂದು ಕೇಳದೆ, ಅಕ್ಕಿ ಮತ್ತು ಔಷಧಿಗೆ ಅದು ಹೋಗಬೇಕೆಂಬುದು ಅವರ ಇಚ್ಛೆ. ವಿಡಿಯೊ ನೋಡುವುದನ್ನು ಪೂರ್ತಿ ಬಿಟ್ಟಿಲ್ಲ. ಮಳೆ ಜೋರಾದರೆ ಈಗಲೂ ರಾತ್ರಿ ಎದ್ದು ಕೂರುತ್ತಾರೆ ಎಂದು ಹೆಂಡತಿ ಹೇಳುತ್ತಾರೆ, ಆದರೆ ಚಿನ್ನದ ದರ ನೋಡುವುದು ನಿಂತಿದೆ. ಮಗಳು ರಜೆಯಲ್ಲಿ ಅತ್ತೆಯ ಮನೆಯಲ್ಲಿ ಕೆಲವು ದಿನ ಇದ್ದು ಬಂದಳು. ಹಣದ ವಿಷಯದಲ್ಲಿ ಅವಳ ಅಸಮಾಧಾನ ಇನ್ನೂ ಮುಗಿದಿಲ್ಲ.

ಪಹಣಿಯಲ್ಲಿ ಅಕ್ಕನ ಹೆಸರು ಸೇರಿಸಲು ಅರ್ಜಿ ಕೊಟ್ಟಾಗಿದೆ. ತಂದೆಯ ಹೆಸರು ಮರಣ ಪ್ರಮಾಣಪತ್ರದಲ್ಲಿ ಒಂದು ರೀತಿ, ಹಳೆಯ ದಾಖಲೆಯಲ್ಲಿ ಇನ್ನೊಂದು ರೀತಿ ಇರುವುದರಿಂದ ಅಫಿಡವಿಟ್ ಕೇಳಿದ್ದಾರೆ. ಅದನ್ನು ಮಾಡಿಸಲು ಅಕ್ಕ ತಮ್ಮ ಇಬ್ಬರೂ ಬರುವ ವಾರ ಕುಮಟಾಕ್ಕೆ ಹೋಗುತ್ತಿದ್ದಾರೆ.